ಬಿ.ಎಚ್. ರೋಡ್ ಅಂದ್ರೆ ಯಾರ ಹೆಸರೂ ಅಲ್ಲ, ಎರಡು ಊರು

ನಮ್ಮ ಭಾವನ ಅಂಗಡಿ ಇರೋದು ತರೀಕೆರೆ ಬಿ.ಎಚ್. ರೋಡಲ್ಲಿ. ನಮ್ಮನೆ ಶಿವಮೊಗ್ಗದಲ್ಲಿ, ಬಿ.ಎಚ್. ರೋಡಿಂದ ಎರಡು ತಿರುವು ಒಳಗೆ. ಅತ್ತೆ ಮನೆ ಸಾಗರ, ಅಲ್ಲೂ ಪೇಟೆ ಅಂದ್ರೆ ಬಿ.ಎಚ್. ರೋಡೇ. ಒಂದ್ಸಲ ಭಾವ ತರಿಸಿದ್ದ ಪಾರ್ಸೆಲ್ಲು ಊರಿನ ಹೆಸರು ಅಳಿಸಿಹೋಗಿ, ಬರೀ ಬಿ.ಎಚ್. ರೋಡ್ ಅಂತ ಮಾತ್ರ ಉಳ್ಕೊಂಡು, ಎಲ್ಲೆಲ್ಲೋ ಸುತ್ತಾಡಿ ಹದಿನೈದು ದಿನ ಆದ್ಮೇಲೆ ಸಿಕ್ತು. ಅವತ್ತು ಅಕ್ಕನ ಮಗಳು, ಏಳನೇ ಕ್ಲಾಸು, ಕೇಳಿದ್ಲು: "ಮಾಮ, ಈ ಬಿ.ಎಚ್. ಅನ್ನೋರು ಯಾರು? ಅಷ್ಟು ದೊಡ್ಡೋರಾ, ಎಲ್ಲಾ ಊರಲ್ಲೂ ಅವರ ಹೆಸರಿಡೋಕೆ?"

ಅವಳು ಕೇಳಿದ್ರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಎರಡಕ್ಷರ ಚುಕ್ಕೆ ಇಟ್ಟು ಬರೆದ್ರೆ ಅದು ಮನುಷ್ಯರ ಇನಿಷಿಯಲ್ಲೇ ಅನ್ಸುತ್ತೆ. ಎಂ.ಜಿ. ರೋಡ್ ಅಂದ್ರೆ ಮಹಾತ್ಮ ಗಾಂಧಿ, ಹಂಗೇ ಬಿ.ಎಚ್. ಅಂದ್ರೂ ಯಾರೋ ಹಳೇ ದಿವಾನರೋ ಇಂಜಿನಿಯರೋ ಇರ್ಬೇಕು ಅಂತ ದೊಡ್ಡೋರೇ ಅಂದ್ಕೊಂಡಿರ್ತಾರೆ. ನಾನೇ ಕಾಲೇಜು ಮುಗಿಯೋವರೆಗೂ ಹಂಗೇ ಅಂದ್ಕೊಂಡಿದ್ದೆ.

ಬಿ ಅಂದ್ರೆ ಬೆಂಗಳೂರು, ಎಚ್ ಅಂದ್ರೆ ಹೊನ್ನಾವರ. ಅಷ್ಟೇ. ಬೆಂಗಳೂರು–ಹೊನ್ನಾವರ ರಸ್ತೆ. ನೆಲಮಂಗಲ, ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಆಯನೂರು, ಕುಂಸಿ, ಆನಂದಪುರ, ಸಾಗರ, ತಾಳಗುಪ್ಪ, ಆಮೇಲೆ ಜೋಗದ ಪಕ್ಕದಲ್ಲೇ ಹಾದು ಮಾವಿನಗುಂಡಿ, ಘಾಟಿ ಇಳಿದ್ರೆ ಗೇರುಸೊಪ್ಪ, ಕೊನೆಗೆ ಹೊನ್ನಾವರ. ಈ ಸಾಲಿನ ಎಷ್ಟೋ ಊರಲ್ಲಿ ಪೇಟೆಯ ಮುಖ್ಯ ಬೀದಿಗೆ ಬಿ.ಎಚ್. ರೋಡ್ ಅನ್ನೋ ಹೆಸರಿದೆ. ಒಂದೇ ಹೆಸರಿನ ಬೇರೆ ಬೇರೆ ರೋಡುಗಳಲ್ಲ ಅವು, ಒಂದೇ ರೋಡು, ಊರೂರಿಗೂ ಹೊಕ್ಕು ಹೊರಬಂದಿದೆ ಅಷ್ಟೇ.

ಬೋರ್ಡುಗಳನ್ನ ನೋಡಿ, ಒಂದು ಅಂಗಡಿಯವರು ಬಿ.ಎಚ್. ಅಂತ ಬರೆಸಿದ್ರೆ ಪಕ್ಕದೋರು ಬಿ.ಹೆಚ್. ಅಂತ ಬರೆಸಿರ್ತಾರೆ. ಇಂಗ್ಲಿಷ್ ಅಕ್ಷರದ ಉಚ್ಚಾರಣೆನ ಕನ್ನಡದಲ್ಲಿ ಬರೆಯೋ ತಾಪತ್ರಯ ಅದು. ಕನ್ನಡದಲ್ಲೇ ಚಿಕ್ಕದು ಮಾಡಿದ್ರೆ "ಬೆಂ.ಹೊ. ರಸ್ತೆ" ಅಂತ ಆಗ್ಬೇಕಿತ್ತು, ಆಗ ಯಾರಿಗೂ ಅನುಮಾನ ಬರ್ತಿರಲಿಲ್ಲ. ಆದ್ರೆ ರಸ್ತೆಗೆ ಹೆಸರು ಬಿದ್ದ ಕಾಲದಲ್ಲಿ ಕಾಗದಪತ್ರ ಎಲ್ಲ ಇಂಗ್ಲಿಷಲ್ಲಿ ನಡೀತಿತ್ತು. ಎರಡು ತುದಿಯ ಊರುಗಳ ಹೆಸರು ಹಿಡಿದು ರಸ್ತೆನ ಗುರ್ತಿಸೋದು ಆಗಿನ ಪದ್ಧತಿ, ಎಲ್ಲಿಂದ ಎಲ್ಲಿಗೆ ಅನ್ನೋದೇ ಹೆಸರು. ಆಮೇಲೆ ಅದು ಪಿಡಬ್ಲ್ಯುಡಿ ಕಡತಕ್ಕೆ, ಮೈಲಿಗಲ್ಲಿಗೆ, ಮನೆ ಪತ್ರಕ್ಕೆ, ಅಲ್ಲಿಂದ ಜನರ ಬಾಯಿಗೆ ಬಂತು. ಬಾಯಿಗೆ ಬಂದ್ಮೇಲೆ ಅಕ್ಷರ ಉಳೀತು, ಊರು ಬಿದ್ದುಹೋಯ್ತು.

ಇದು ನಮ್ಮ ರೋಡಿಗೊಂದೇ ಅಲ್ಲ. ದಾವಣಗೆರೆ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ ಕಡೆ ಪಿ.ಬಿ. ರೋಡ್ ಇದ್ಯಲ್ಲ, ಅದು ಪೂನಾ–ಬೆಂಗಳೂರು. ಪೂನಾ ಹೋಗಿ ಪುಣೆ ಆಗಿ ಎಷ್ಟೋ ವರ್ಷ ಆಯ್ತು. ಬಿ.ಎಂ. ರೋಡ್ ಅಂತೂ ಇನ್ನೂ ಮಜಾ, ಮಂಡ್ಯ ಕಡೆ ಹೋದ್ರೆ ಅದು ಬೆಂಗಳೂರು–ಮೈಸೂರು, ಹಾಸನ ಕಡೆ ಹೋದ್ರೆ ಬೆಂಗಳೂರು–ಮಂಗಳೂರು, ಅಕ್ಷರ ಅದೇ ಎರಡು, ದಿಕ್ಕು ಬೇರೆ. ನಂಗೆ ಎಲ್ಲಕ್ಕಿಂತ ಇಷ್ಟ ಆಗೋದು ಚಿಕ್ಕಮಗಳೂರಿನ ಉದಾಹರಣೆ. ಅಲ್ಲಿ ಕೆ.ಎಂ. ರೋಡ್ ಇದೆ, ಐ.ಜಿ. ರೋಡೂ ಇದೆ, ಎಂ.ಜಿ. ರೋಡೂ ಇದೆ. ಐ.ಜಿ. ಅಂದ್ರೆ ಇಂದಿರಾ ಗಾಂಧಿ, ಎಂ.ಜಿ. ಮಹಾತ್ಮ ಗಾಂಧಿ, ಕೆ.ಎಂ. ಮಾತ್ರ ಕಡೂರು–ಮಂಗಳೂರು. ಒಂದೇ ಊರಲ್ಲಿ, ನೋಡೋಕೆ ಒಂದೇ ಥರ ಇರೋ ಹೆಸರು, ಎರಡು ಮನುಷ್ಯರದ್ದು, ಇನ್ನೊಂದು ಮಣ್ಣಿಂದು. ಹೊಸಬರಿಗೆ ಹೆಂಗೆ ಗೊತ್ತಾಗ್ಬೇಕು ಹೇಳಿ.

ಸರಿ, ಬೆಂಗಳೂರು ಯಾಕೆ ಅಂತ ಯಾರೂ ಕೇಳಲ್ಲ. ಹೊನ್ನಾವರ ಯಾಕೆ? ಈಗ ಹೊನ್ನಾವರ ಅಂದ್ರೆ ಕಾರವಾರಕ್ಕೋ ಮುರ್ಡೇಶ್ವರಕ್ಕೋ ಹೋಗ್ತಾ ದಾರೀಲಿ ಸಿಗೋ ತಾಲ್ಲೂಕು ಕೇಂದ್ರ. ಅಂಥ ಊರಿನ ಹೆಸರು ತುಮಕೂರಿನ ಪೇಟೆ ಬೀದಿವರೆಗೂ ಹೆಂಗೆ ಹೋಯ್ತು?

ಇದಕ್ಕೆ ಶರಾವತಿ ಹೊಳೆ ನೋಡ್ಬೇಕು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 830 ಅಡಿ ಧುಮುಕಿ, ಕಣಿವೆ ಒಳಗೆ ಹರಿದು ಗೇರುಸೊಪ್ಪದ ಹತ್ರ ಬಯಲಿಗೆ ಬರುತ್ತೆ, ಅಲ್ಲಿಂದ ಮುಂದೆ ಹೊಳೆ ಅಗಲ ಆಗಿ ನಿಧಾನ ಆಗುತ್ತೆ, ಹೊನ್ನಾವರದಲ್ಲಿ ಸಮುದ್ರ ಸೇರುತ್ತೆ. ಅಂದ್ರೆ ಗೇರುಸೊಪ್ಪಕ್ಕೆ ಮಾಲು ಇಳಿಸಿಬಿಟ್ರೆ ಮುಂದೆ ದೋಣೀಲೇ ಬಂದರಿಗೆ ಸಾಗಿಸ್ಬಹುದು. ಘಾಟಿ ಇಳಿಯೋವರೆಗಷ್ಟೇ ಕಷ್ಟ. ಮಲೆನಾಡಿನ ಕಾಳುಮೆಣಸು, ಅಡಿಕೆ, ಏಲಕ್ಕಿ, ಅಕ್ಕಿ ಕೆಳಗೆ ಹೋಗ್ತಿತ್ತು, ಉಪ್ಪು, ಒಣಮೀನು, ತೆಂಗಿನಕಾಯಿ ಮೇಲೆ ಬರ್ತಿತ್ತು. ಉಪ್ಪು ಅನ್ನೋದು ಮಲೆನಾಡಲ್ಲಿ ಬೆಳೆಯೋ ವಸ್ತುವಲ್ಲ, ಹಾಗಾಗಿ ಈ ದಾರಿ ಬರೀ ವ್ಯಾಪಾರದ್ದಲ್ಲ, ದಿನಾ ಊಟದ್ದು. ಗಾಡಿ ರಸ್ತೆ ಬರೋ ಮುಂಚೆ ಎತ್ತಿನ ಬೆನ್ನ ಮೇಲೆ ಹೇರು ಹಾಕಿ ಸಾಗಿಸ್ತಿದ್ರು. ನಮ್ಮ ಜಿಲ್ಲೇಲಿ ಇಷ್ಟೊಂದು ಲಂಬಾಣಿ ತಾಂಡಾಗಳು ಇವೆಯಲ್ಲ, ಆ ಜನರ ಹಿರೀಕರು ಹಿಂಡು ಹಿಂಡು ಎತ್ತುಗಳ ಮೇಲೆ ಉಪ್ಪು, ಧಾನ್ಯ ಸಾಗಿಸ್ತಿದ್ದೋರು.

ಹೊನ್ನಾವರದ ಬಂದರು ತುಂಬಾ ಹಳೇದು. 14ನೇ ಶತಮಾನದಲ್ಲಿ ಇಬ್ನ್ ಬತೂತ ಅಲ್ಲಿಗೆ ಬಂದು ಹೋಗಿದ್ದಾನೆ. ಪೋರ್ಚುಗೀಸರು ಅದನ್ನ ಓನೋರ್ ಅಂತಿದ್ರು. 16ನೇ ಶತಮಾನದಲ್ಲಿ ಗೇರುಸೊಪ್ಪದಿಂದ ಆಳಿದ ಚೆನ್ನಭೈರಾದೇವಿಗೆ ಅದೇ ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಹೆಸರಿಟ್ಟಿದ್ರು, ಐವತ್ತು ವರ್ಷದ ಮೇಲೆ ಆಳಿದ ಹೆಂಗಸು. ಅವಳ ರಾಜ್ಯ ಆಮೇಲೆ ಕೆಳದಿ ನಾಯಕರ ಪಾಲಾಯ್ತು. ಕೆಳದಿಯವರ ವಿಶೇಷ ಏನಂದ್ರೆ ಘಟ್ಟದ ಮೇಲೂ ಅವರದ್ದೇ, ಕೆಳಗೂ ಅವರದ್ದೇ. ಮೆಣಸು ಬೆಳೆಯೋ ಜಾಗವೂ ಅದನ್ನ ಹಡಗಿಗೆ ಹತ್ತಿಸೋ ಜಾಗವೂ ಒಬ್ಬರ ಕೈಲೇ ಇದ್ರೆ ಅದರ ಬಲವೇ ಬೇರೆ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಹೊನ್ನಾವರದಿಂದ ಪೋರ್ಚುಗೀಸರನ್ನ ಓಡಿಸಿದ್ದ. ಅವನ ಪ್ರತಿಮೆ ಈಗ ನಿಂತಿರೋದು ಎಲ್ಲಿ ನೋಡಿ, ಶಿವಮೊಗ್ಗದ ಗಾಂಧಿ ಬಜಾರ್ ಬಾಯಲ್ಲಿ, ಬಿ.ಎಚ್. ರೋಡ್ ಮೇಲೇ. ಎಚ್ ಅನ್ನೋ ಊರನ್ನ ಗೆದ್ದೋನ ಎದುರೇ ದಿನಾ ಓಡಾಡ್ತೀವಿ, ಎಚ್ ಅಂದ್ರೆ ಏನು ಅಂತ ಮಾತ್ರ ನಮಗೆ ಮರೆತುಹೋಗಿದೆ.

1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಬಿದ್ದ ಮೇಲೆ ಈ ಕಥೆ ತಿರುಗಿತು. ಕರಾವಳಿನ ಕಂಪನಿಯವರು ತಗೊಂಡ್ರು, ಘಟ್ಟದ ಮೇಲಿನ ಭಾಗ ಮೈಸೂರು ಒಡೆಯರಿಗೆ ಬಂತು. ಅಲ್ಲಿಗೆ ಮೈಸೂರು ಸಂಸ್ಥಾನಕ್ಕೆ ಸಮುದ್ರವೇ ಇಲ್ಲ. ಉತ್ತರ ಕನ್ನಡ ಮೊದಲು ಮದ್ರಾಸಿಗೆ ಸೇರಿತ್ತು, 1862ರಲ್ಲಿ ಬಾಂಬೆಗೆ ಹೋಯ್ತು. ಅಂದ್ರೆ ಬಿ.ಎಚ್. ರೋಡಿನ ಬಿ ಮೈಸೂರಿನದ್ದು, ಎಚ್ ಬಾಂಬೆಯದ್ದು, ನಡುವೆ ಜೋಗದ ಹತ್ರ ಗಡಿ. ಜೋಗಕ್ಕೆ ಹೋದಾಗ ಆಚೆ ದಂಡೇಲಿ ಕಾಣೋ ಹಳೇ ಬಂಗ್ಲೆಗೆ ಬಾಂಬೆ ಬಂಗ್ಲೆ ಅಂತ ಯಾಕಂತಾರೆ ಅಂತ ಸುಮಾರು ಜನ ಕೇಳ್ತಾರೆ. ಅದಕ್ಕೇ. ಈಚೆ ದಂಡೆ ಮೈಸೂರು, ಆಚೆ ದಂಡೆ ಬಾಂಬೆ, ನಡುವೆ ರಾಜ, ರೋರರ್, ರಾಕೆಟ್, ರಾಣಿ. 1956ರಲ್ಲಿ ಕನ್ನಡದ ಊರುಗಳೆಲ್ಲ ಒಂದು ರಾಜ್ಯಕ್ಕೆ ಸೇರೋವರೆಗೂ ಹಂಗೇ ಇತ್ತು.

ಈ ಗಡಿ ಇದ್ದಿದ್ದಕ್ಕೇ ರಸ್ತೆ ಅಷ್ಟು ಮುಖ್ಯ ಆಯ್ತು ಅನ್ನೋದು ನನ್ನ ಅಭಿಪ್ರಾಯ. ಸಮುದ್ರ ಕಳ್ಕೊಂಡ ಸಂಸ್ಥಾನಕ್ಕೆ ಸಮುದ್ರ ಮುಟ್ಟೋ ದಾರಿಗಳೇ ಜೀವ. 1830ರಲ್ಲಿ ನಗರ ಅನ್ನೋ ಊರಿನ (ಹಳೇ ಬಿದನೂರು) ಕಡೆ ರೈತರು ದಂಗೆ ಎದ್ರು, ಅದನ್ನೇ ನೆಪ ಮಾಡ್ಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತನ ತಮ್ಮ ಕೈಗೆ ತಗೊಂಡ್ರು, ಅದು ಒಡೆಯರಿಗೆ ವಾಪಸ್ ಬಂದಿದ್ದು 1881ರಲ್ಲೇ. ಆ ಐವತ್ತು ವರ್ಷದಲ್ಲಿ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದೋನು ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕ್ ಅವನ ಹೆಸರಿಂದೇ. ಅವನ ಕಾಲದಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಆದವು, ಕರಾವಳಿಗೆ ಇಳಿಯೋ ಘಾಟಿಗಳನ್ನ ಗಾಡಿ ಹೋಗೋ ಹಂಗೆ ಮಾಡೋ ಕೆಲ್ಸ ಜೋರಾಗಿ ನಡೀತು. ಜನರ ಮೇಲಿನ ಪ್ರೀತಿಗಿಂತ ಸರಕು ಮತ್ತು ಸೈನ್ಯ ಬೇಗ ಓಡಾಡ್ಲಿ ಅನ್ನೋ ಲೆಕ್ಕ ಅದ್ರಲ್ಲಿ ಜಾಸ್ತಿ ಇತ್ತು. ಬೆಂಗಳೂರು ಆಗ ಆಡಳಿತದ ನಡುಮನೆ, ಶಿವಮೊಗ್ಗ ಅನ್ನೋದು ಆ ನಗರದ ಹೆಸರಿನ ಡಿವಿಷನ್ನಿನ ಮುಖ್ಯ ಠಾಣೆ, ಅವೆರಡನ್ನೂ ಕೂಡಿಸಿ ಸಮುದ್ರದವರೆಗೆ ಎಳೆದ ಗೆರೆಯೇ ನಮ್ಮ ಬಿ.ಎಚ್. ರೋಡು. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗಲೂ ಮೈಸೂರಿಗೊಂದು ಬಂದರು ಬೇಕು ಅಂತ ಭಟ್ಕಳದ ಮೇಲೆ ಕಣ್ಣಿಟ್ಟಿದ್ರು, ಆ ಆಸೆ ಅಷ್ಟು ಆಳದ್ದು.

ರೈಲು ಬಂದ್ಮೇಲೆ ಸ್ವಲ್ಪ ಬದಲಾಯ್ತು. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ರೈಲೂ ಇದೇ ಸಾಲಲ್ಲಿ ಬಂತು, ಬೀರೂರಿಂದ ಶಿವಮೊಗ್ಗಕ್ಕೆ 1899ರಲ್ಲಿ, ಆಮೇಲೆ ಸಾಗರದ ಮೇಲೆ ತಾಳಗುಪ್ಪಕ್ಕೆ 1940ರ ಹೊತ್ತಿಗೆ. ಆದ್ರೆ ತಾಳಗುಪ್ಪದಲ್ಲಿ ಹಳಿ ನಿಂತುಬಿಡ್ತು. ಮುಂದೆ ಕಾಡು, ಕಣಿವೆ. ಹೊನ್ನಾವರಕ್ಕೆ ರೈಲು ಮುಂದುವರಿಸಿ ಅನ್ನೋ ಬೇಡಿಕೆ ನಮ್ಮ ಅಜ್ಜಂದಿರ ಕಾಲದ್ದು, ಇವತ್ತಿಗೂ ಆಗಿಲ್ಲ. ಬೆಂಗಳೂರಿಂದ ಈ ಸಾಲಲ್ಲಿ ಹೊರಟು ಎಚ್‌ವರೆಗೂ ಹೋಗಿ ಮುಟ್ಟಿದ್ದು ರಸ್ತೆ ಒಂದೇ.

ಇದೇ ರಸ್ತೇಲಿ ಇನ್ನೊಂದು ಪಯಣ ಆಗಿದೆ, ಅದನ್ನ ಹೇಳ್ದೆ ಮುಂದೆ ಹೋಗೋಕೆ ಮನಸ್ಸು ಬರಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗೀತು, ಶರಾವತಿ ಕಣಿವೆಯ ಊರು, ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರೊಳಗೆ ಹೋಯ್ತು. ಮುಳುಗಡೆ ಆದ ಎಷ್ಟೋ ಕುಟುಂಬಗಳು ಶಿವಮೊಗ್ಗ ತಾಲ್ಲೂಕಿನ ಕಾಡಂಚಿಗೆ ಬಂದು ಹೊಸದಾಗಿ ಗುಡಿಸಲು ಹಾಕ್ಕೊಂಡ್ರು, ಇವತ್ತಿಗೂ ಜಮೀನಿನ ಹಕ್ಕುಪತ್ರಕ್ಕೆ ಓಡಾಡ್ತಾ ಇರೋರು ಇದ್ದಾರೆ. ಅವರು ಕಳ್ಕೊಂಡ ಊರುಗಳಿಂದ ಬಂದ ಕರೆಂಟು ಶಿವಮೊಗ್ಗ ಪೇಟೆ ಬಾಗ್ಲಲ್ಲಿರೋ ಎಂ.ಆರ್.ಎಸ್. ಸರ್ಕಲ್ ಹತ್ರ ಇಳಿಯುತ್ತೆ. ಅದೂ ಅಕ್ಷರದ ಹೆಸರೇ, ಅದೂ ಮನುಷ್ಯರದ್ದಲ್ಲ, ಅಲ್ಲಿರೋ ಕರೆಂಟಿನ ರಿಸೀವಿಂಗ್ ಸ್ಟೇಷನ್ನಿಂದ ಬಂದಿದ್ದು.

ಈಗ ಶಿವಮೊಗ್ಗದ ಒಳಗಿನ ವಿಷ್ಯಕ್ಕೆ ಬರೋಣ, ಯಾಕಂದ್ರೆ ನಮ್ಮೋರೇ ಗೊಂದಲ ಆಗೋದು ಇಲ್ಲಿ. ಭದ್ರಾವತಿ ಕಡೆಯಿಂದ ಬಂದ್ರೆ ಮಲವಗೊಪ್ಪ, ಎಂ.ಆರ್.ಎಸ್. ಸರ್ಕಲ್, ವಿದ್ಯಾನಗರ, ತುಂಗಾ ಸೇತುವೆ ದಾಟಿದ್ರೆ ಹೊಳೆ ಬಸ್ ಸ್ಟಾಪ್, 1930ರಲ್ಲಿ ಶುರುವಾದ ಕರ್ನಾಟಕ ಸಂಘ, ಆಮೇಲೆ ಅಮೀರ್ ಅಹ್ಮದ್ ಸರ್ಕಲ್, ಶಿವಪ್ಪ ನಾಯಕ ಪ್ರತಿಮೆ, ಅಶೋಕ ಸರ್ಕಲ್, ಬಸ್‌ಸ್ಟ್ಯಾಂಡ್. ಇಷ್ಟು ಬಿ.ಎಚ್. ರೋಡ್. ಬಸ್‌ಸ್ಟ್ಯಾಂಡ್ ದಾಟಿ ಆಲ್ಕೊಳ, ಗಾಡಿಕೊಪ್ಪ ಕಡೆ ಹೊರಟ್ರೆ ಅದೇ ರಸ್ತೆ ಜನರ ಬಾಯಲ್ಲಿ ಸಾಗರ ರೋಡ್ ಆಗುತ್ತೆ. ರಸ್ತೆ ಕವಲೊಡೆದಿಲ್ಲ, ಹೆಸರು ಮಾತ್ರ ಬದಲಾಯ್ತು. ತ್ಯಾವರೆಕೊಪ್ಪ ಸಿಂಹಧಾಮ ಸಾಗರ ರೋಡಲ್ಲಿದೆ ಅಂತೀವೇ ಹೊರತು ಬಿ.ಎಚ್. ರೋಡಲ್ಲಿದೆ ಅಂತ ಯಾರೂ ಅನ್ನಲ್ಲ. ಇದನ್ನೇ ಹಿಡಿದು ಸಾಗರಕ್ಕೆ ಹೋಗಿ, ಅಲ್ಲಿಯವರು ಇದಕ್ಕೇ ಶಿವಮೊಗ್ಗ ರೋಡ್ ಅಂತಾರೆ, ಪೇಟೆ ಒಳಗೆ ಹೊಕ್ಕ ತಕ್ಷಣ ಮತ್ತೆ ಬಿ.ಎಚ್. ರೋಡ್, ಪೇಟೆ ದಾಟಿದ್ರೆ ಜೋಗ ರೋಡ್.

ಹೀಗಾಗೋದಕ್ಕೆ ಕಾರಣ ಸರಳ. ಕಡತಕ್ಕೆ ರಸ್ತೆಯ ಎರಡು ತುದಿ ಬೇಕು, ಜನಕ್ಕೆ ಮುಂದಿನ ಊರು ಬೇಕು. ದಾರೀಲಿ ಹೋಗೋನಿಗೆ ಹೊನ್ನಾವರ 160 ಕಿ.ಮೀ. ಮೇಲೆ ದೂರ, ಸಾಗರ 70 ಚಿಲ್ಲರೆ, ಅವನು ಸಾಗರದ ಹೆಸರೇ ಹೇಳ್ತಾನೆ. ಸವಳಂಗ ರೋಡ್, ಹೊನ್ನಾಳಿ ರೋಡ್, ಹೊಳೆಹೊನ್ನೂರು ರೋಡ್, ಎಲ್ಲ ಇದೇ ಲೆಕ್ಕ. ಎನ್.ಟಿ. ರೋಡ್ ಅಂದ್ರೆ ನ್ಯೂ ತೀರ್ಥಹಳ್ಳಿ ರೋಡ್, ಅದೂ ಊರೇ. ನೆಹರು ರೋಡ್, ಗಾಂಧಿ ಬಜಾರ್, ವಿನೋಬನಗರ, ರಾಜೇಂದ್ರನಗರ, ಇವೆಲ್ಲ ಬೇರೆ ಕಾಲದ ಪದರ, ಸ್ವಾತಂತ್ರ್ಯದ ಚಳವಳಿ ಮತ್ತು ಅದರ ನಂತರದ್ದು, ದೊಡ್ಡೋರ ನೆನಪಿಗೆ ಇಟ್ಟಿದ್ದು. ಮ್ಯಾಪ್ ಬಿಚ್ಚಿ ನೋಡಿದ್ರೆ ಈ ಪದರ ಬೇರೆ ಬೇರೆಯಾಗಿ ಕಾಣುತ್ತೆ, ಊರ ಹೊರಗೆ ಹೋಗೋ ಉದ್ದ ರಸ್ತೆಗಳಿಗೆಲ್ಲ ಊರಿನ ಹೆಸರು, ಊರ ಒಳಗಿನ ಬೀದಿ ಬಡಾವಣೆಗೆಲ್ಲ ಮನುಷ್ಯರ ಹೆಸರು.

ಇಟ್ಟ ಹೆಸರೆಲ್ಲ ಜನರ ಬಾಯಿಗೆ ಹತ್ತುತ್ತೆ ಅಂತಲೂ ಇಲ್ಲ. ನೆಹರು ರೋಡ್ ಕೊನೆಗೆ ಸಿಗೋ ಸರ್ಕಲ್ಲಿಗೆ ಟಿ. ಸೀನಪ್ಪ ಶೆಟ್ಟಿ ವೃತ್ತ ಅಂತ ಹೆಸರಿದೆ, ಪೇಪರಲ್ಲೂ ಬರೀತಾರೆ, ಆದ್ರೆ ಆಟೋದಲ್ಲಿ ಕೂತು ಗೋಪಿ ಸರ್ಕಲ್ ಅಂದ್ರೇನೇ ಗಾಡಿ ಮುಂದೆ ಹೋಗೋದು. ಜೈಲು ಸೋಗಾನೆಗೆ ಹೋಗಿ ಎಷ್ಟು ವರ್ಷ ಆಯ್ತು, ಜೈಲ್ ರೋಡ್ ಜೈಲ್ ರೋಡೇ. ಹಳೇ ಜೈಲಿನ ಜಾಗ ಫ್ರೀಡಂ ಪಾರ್ಕ್ ಆಯ್ತು, ಆಮೇಲೆ ಅದಕ್ಕೆ ಅಲ್ಲಮಪ್ರಭು ಹೆಸರು ಬಂತು. ಅಲ್ಲಮ ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯೋನು, ನಂಗೆ ಆ ಹೆಸರು ಬಂದಾಗ ತುಂಬಾ ಖುಷಿ ಆಯ್ತು. ಅಲ್ಲಿ ಅಳಿಸಿಹಾಕೋ ಅಂಥ ಹಳೇ ಅರ್ಥ ಏನೂ ಇರ್ಲಿಲ್ಲ.

ಆದ್ರೆ ಬಿ.ಎಚ್. ರೋಡಿಗೆ ಯಾರಾದ್ರೂ ದೊಡ್ಡೋರ ಹೆಸರಿಡಿ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ, ಅವರು ಎಷ್ಟೇ ದೊಡ್ಡೋರಾಗಿರ್ಲಿ. ಹೊಸ ಬಡಾವಣೆ ಬೇಕಾದಷ್ಟಿದೆ, ನೂರಾರು ಕ್ರಾಸುಗಳಿಗೆ ಬರೀ ನಂಬರ್ ಇದೆ, ಅಲ್ಲಿಡಿ. ಒಂದೂರಲ್ಲಿ ಮಾತ್ರ ಹೆಸರು ಬದಲಾಯ್ಸಿದ್ರೆ ಸರ ಅಲ್ಲೇ ಹರಿಯುತ್ತೆ, ತರೀಕೆರೆಯೋನಿಗೂ ಸಾಗರದೋನಿಗೂ ನಡುವೆ ಇದ್ದ ಒಂದು ಎಳೆ ಹೋಗುತ್ತೆ. ನನ್ನ ಆಸೆ ಬೇರೆ ಇದೆ. ಬೋರ್ಡಲ್ಲಿ ಪೂರ್ತಿ ಬರೀರಿ: ಬೆಂಗಳೂರು–ಹೊನ್ನಾವರ ರಸ್ತೆ. ಒಂದು ಬೋರ್ಡಿಗೆ ಇನ್ನು ನಾಲ್ಕು ಅಕ್ಷರದ ಪೇಂಟು ಜಾಸ್ತಿ, ಅಷ್ಟೇ ಖರ್ಚು.

ನಂಬರಿನ ಕಥೆ ಕೇಳಿದ್ರೆ ಹೆಸರಿನ ಬೆಲೆ ಇನ್ನೂ ಗೊತ್ತಾಗುತ್ತೆ. ತುಮಕೂರಿಂದ ಹೊನ್ನಾವರದವರೆಗೆ ಇದು ರಾಷ್ಟ್ರೀಯ ಹೆದ್ದಾರಿ 206 ಆಗಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟಾಗ ಇದು ತುಂಡಾಯ್ತು, ತುಮಕೂರಿಂದ ಬಾಣಾವರದವರೆಗೆ 73, ಅಲ್ಲಿಂದ ಹೊನ್ನಾವರಕ್ಕೆ 69. ಜನ ಮಾತ್ರ ಇನ್ನೂ 206 ಅಂತಲೇ ಅಂತಾರೆ. ಈಗ ನಾಲ್ಕು ಲೇನ್ ಮಾಡ್ತಾ ಊರ ಹೊರಗಿಂದ ಬೈಪಾಸ್ ಹಾಕಿದ್ದಾರೆ, ದೂರ ಹೋಗೋ ಲಾರಿ ಬಸ್ಸು ಪೇಟೆಗೆ ಬರೋದು ಕಮ್ಮಿ ಆಗ್ತಿದೆ, ಭಾವ ಅದಕ್ಕೇ ತಲೆ ಕೆಡಿಸ್ಕೊಂಡಿದ್ದಾರೆ. ಇನ್ನು ಸ್ವಲ್ಪ ವರ್ಷಕ್ಕೆ ಬೆಂಗಳೂರಿಂದ ಹೊನ್ನಾವರಕ್ಕೆ ಹೋಗೋ ಯಾರೂ ಬೆಂಗಳೂರು–ಹೊನ್ನಾವರ ರಸ್ತೆಯ ಪೇಟೆಗಳನ್ನ ನೋಡ್ದೆ ಹೋಗಿಬಿಡಬಹುದು. ಆಗ ಆ ದಾರಿಯ ಗುರ್ತು ಅಂತ ಉಳಿಯೋದು ಈ ಎರಡಕ್ಷರ.

ಇಷ್ಟನ್ನೆಲ್ಲ ಅಕ್ಕನ ಮಗಳಿಗೆ ಕೂರಿಸ್ಕೊಂಡು ಹೇಳಿದ್ರೆ ಅವಳಿಗೆ ಅರ್ಧಕ್ಕೇ ಬೇಜಾರಾಯ್ತು. ಹಾಗಾಗಿ ಕ್ರಿಸ್ಮಸ್ ರಜೇಲಿ ಕರ್ಕೊಂಡೇ ಹೋದೆ. ಶಿವಮೊಗ್ಗದಿಂದ ಬೆಳಿಗ್ಗೆ ಬಸ್ಸು, ಸಾಗರದಲ್ಲಿ ಅತ್ತೆ ಮನೇಲಿ ಊಟ, ಮತ್ತೆ ಬಸ್ಸು. ಮಾವಿನಗುಂಡಿ ದಾಟಿ ಘಾಟಿ ಇಳಿಯುವಾಗ ರಸ್ತೆ ಪಕ್ಕದ ಮರದಲ್ಲಿ ಸಿಂಗಳೀಕ ಕಂಡ್ವು, ಅವಳು ಕಿಟಕಿಗೆ ಮುಖ ಒತ್ಕೊಂಡು ಕೂತಳು. ಗೇರುಸೊಪ್ಪ ಕಳೆದ್ಮೇಲೆ ಎಡಗಡೆ ಶರಾವತಿ ಜೊತೇಲೇ ಬಂತು, ತೆಂಗಿನ ತೋಟದ ಸಂದೀಲಿ ಆಗಾಗ ಕಾಣ್ತಾ, ಒಂದೊಂದು ದೋಣಿ. ಹೊನ್ನಾವರದಲ್ಲಿ ನಮ್ಮ ರಸ್ತೆ ಕರಾವಳಿ ಹೆದ್ದಾರಿಗೆ ಹೋಗಿ ಸೇರುತ್ತೆ, ಎಡಕ್ಕೆ ಹೋದ್ರೆ ಮಂಗಳೂರು, ಬಲಕ್ಕೆ ಕಾರವಾರ. ಬಸ್ ಇಳಿದು ಆ ಕೂಡುರಸ್ತೆ ಹತ್ರ ನಿಂತ್ಕೊಂಡು ಅವಳು ನನ್ನ ಫೋನ್ ಇಸ್ಕೊಂಡು ತರೀಕೆರೆಗೆ ಹಚ್ಚಿದ್ಲು.

"ಅಪ್ಪಾ, ನಮ್ಮಂಗಡಿ ರೋಡು ಇಲ್ಲಿಗೆ ಮುಗೀತು ನೋಡು. ಮುಂದೆ ಸಮುದ್ರ."